ಅತ್ತಿಗೆಯ ಕೆನ್ನೆ, ಅಪ್ಪನ ಛತ್ರಿ

ರಾಜಾಜಿನಗರದ ನಮ್ಮ ವಠಾರದಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಧ್ವನಿಗಳಿದ್ದವು. ಒಂದು ಅವರವರ ಗಂಟಲಲ್ಲಿ, ಇನ್ನೊಂದು ನನ್ನ ಗಂಟಲಲ್ಲಿ. ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆಗಳ ಸಾಲು ಕೆಟ್ಟು ಜಗಳ ಶುರುವಾಗುವ ಹೊತ್ತಿಗೆ, ನಾನು ಕಿಟಕಿಯ ಹಿಂದೆ ನಿಂತು ಓನರಮ್ಮನ ಧ್ವನಿಯಲ್ಲಿ "ಏನ್ರೇ ಅದು ಗಲಾಟೆ? ನಲ್ಲಿ ಬಂದ್ ಮಾಡ್ಲಾ?" ಎಂದರೆ ಸಾಕು, ಸಾಲು ತಾನಾಗಿಯೇ ನೆಟ್ಟಗಾಗುತ್ತಿತ್ತು. ಓನರಮ್ಮ ಎಂದರೆ ವಠಾರದ ಮನೆಗಳ ಒಡತಿ. ಒಮ್ಮೆ ನಿಜವಾದ ಓನರಮ್ಮನೇ ಬಂದು ಅದೇ ಮಾತು ಹೇಳಿದಾಗ ಹೆಂಗಸರೆಲ್ಲ ನಕ್ಕು, "ಸಾಕು ಬಾರೋ ಈಚೆಗೆ" ಅಂದಿದ್ದರು. ಆಮೇಲೆ ಆಕೆ ನಮ್ಮ ಮನೆಯ ಬಾಗಿಲಿಗೆ ಬಂದು ನನ್ನಮ್ಮನಿಗೆ ಏನು ಹೇಳಿದರೆಂಬುದನ್ನು ನಾನು ಎರಡೂ ಧ್ವನಿಗಳಲ್ಲಿ ಈಗಲೂ ಹೇಳಬಲ್ಲೆ.

ನಾನಾಗ ಬಿ.ಕಾಂ. ಓದುತ್ತಿದ್ದೆ, ಅಂದರೆ ಹಾಗೆಂದು ಮನೆಯಲ್ಲಿ ನಂಬಿದ್ದರು. ಕಂಡಕ್ಟರನ ಸೀಟಿ, ಹಳೇ ಪೇಪರಿನವನ ಕೂಗು, ಕಾಲೇಜಿನ ಮೇಷ್ಟ್ರ ಕೆಮ್ಮು, ಎರಡನೇ ಪಾಳಿ ಮುಗಿಸಿ ಬಂದು ಮಲಗಿದ ನನ್ನಣ್ಣನ ಗೊರಕೆ, ಎಲ್ಲ ಬರುತ್ತಿತ್ತು. ಅಕೌಂಟೆನ್ಸಿ ಮಾತ್ರ ಬರುತ್ತಿರಲಿಲ್ಲ. ನನ್ನ ಸ್ವಂತ ಧ್ವನಿ ಯಾವುದೆಂದು ಯಾರಾದರೂ ಕೇಳಿದ್ದರೆ ಸ್ವಲ್ಪ ಹುಡುಕಬೇಕಾಗುತ್ತಿತ್ತು. ಸಿಕ್ಕಿದರೂ ಹೆಮ್ಮೆಪಡುವಂಥದ್ದಲ್ಲ, ಹರಿದ ತಮಟೆಯ ಹಾಗೆ.

ಮನೆಯಲ್ಲಿ ನನ್ನ ಅಣಕಕ್ಕೆ ಮನಸಾರೆ ನಗುತ್ತಿದ್ದವರು ಅತ್ತಿಗೆ ಒಬ್ಬರೇ. ಅವರು ಕೆಂಗೇರಿಯವರು, ಹೊಲ ಹೂದೋಟ ಇದ್ದ ಮನೆಯ ಮಗಳು. ಏನು ಹೇಳಬೇಕಾದರೂ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಲ್ಲಾ, ಒಂದ್ ಮಾತ್ ಹೇಳ್ಲಾ?" ಎನ್ನುತ್ತಿದ್ದರು. ಹೇಳು ಎಂದು ನಾವು ಹೇಳುವ ಮೊದಲೇ ಆ ಒಂದು ಮಾತು ಹೊರಟು, ಕೆಂಗೇರಿ ಉಪನಗರ ಸುತ್ತಿ, ಮೈಸೂರು ರಸ್ತೆಯಲ್ಲಿ ಎಲ್ಲ ಸ್ಟಾಪಿನಲ್ಲೂ ನಿಂತು, ಸಾರು ಸೀಯುವ ಹೊತ್ತಿಗೆ ಮನೆ ಸೇರುತ್ತಿತ್ತು. ಅವರು ಮದುವೆಯಾಗಿ ಬಂದ ವಾರದಲ್ಲೇ ನಾನು ಅದನ್ನು ಮಾಡಿ ತೋರಿಸಿದ್ದೆ. "ಅಯ್ಯೋ, ನಾನು ಹಿಂಗಾ ಇರೋದು?" ಎಂದು ನಕ್ಕು ನಕ್ಕು ಗೋಡೆಗೆ ಒರಗಿದ್ದರು. ಅತ್ತಿಗೆ ಮೈದುನರ ನಡುವಿನ ಲೈಸೆನ್ಸು ಅಂದೇ ಮಂಜೂರಾಯಿತು.

ಅವರಿಗೊಂದು ಆಸೆಯಿತ್ತು. ಬಸ್ ಸ್ಟಾಪಿನ ಎದುರಿನ ಫೋಟೋ ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಮೊಗ್ಗಿನ ಜಡೆ ಹಾಕಿಕೊಂಡ ಹೆಂಗಸೊಬ್ಬಳ ಫೋಟೋ ಇತ್ತು. ಪಕ್ಕದಲ್ಲಿ ದೊಡ್ಡ ನಿಲುವುಗನ್ನಡಿ, ಅದರಲ್ಲಿ ಸೊಂಟದ ಕೆಳಗಿನವರೆಗೂ ಇಳಿದ ಮಲ್ಲಿಗೆ ಮೊಗ್ಗಿನ ಜಡೆ. ಅತ್ತಿಗೆಯ ಮದುವೆ ಚಳಿಗಾಲದಲ್ಲಾಗಿತ್ತು, ಮೊಗ್ಗಿನ ಕಾಲವಲ್ಲ. ಮಲ್ಲಿಗೆ ಬೆಳೆಯುವವರ ಮಗಳಿಗೇ ಮೊಗ್ಗಿನ ಜಡೆ ಆಗಲಿಲ್ಲ. ಆ ಗಾಜಿನ ಮುಂದೆ ಹಾದುಹೋಗುವಾಗಲೆಲ್ಲ ಅವರ ಕಾಲು ನಿಧಾನವಾಗುತ್ತಿತ್ತು. "ಸೀಮಂತಕ್ಕೆ ಹಾಕ್ಸೋಣ, ಫೋಟೋನೂ ತೆಗೆಸೋಣ" ಎಂದು ಅಣ್ಣ ಯಾವತ್ತೋ ಮಾತು ಕೊಟ್ಟಿದ್ದ. ಅವನು ಮಾತಾಡುವುದೇ ಅಪರೂಪ. ಆದ್ದರಿಂದ ಅತ್ತಿಗೆ ಅದನ್ನು ಮರೆಯಲಿಲ್ಲ.

ಅತ್ತಿಗೆ ಬಸುರಿಯಾದರು. ಲೆಕ್ಕ ಹಾಕಿದರೆ ಸೀಮಂತ ಸರಿಯಾಗಿ ಬೇಸಿಗೆಗೆ, ಮೊಗ್ಗಿನ ಸುಗ್ಗಿಗೆ ಬರುತ್ತಿತ್ತು. ಆ ಸಂತೋಷದಲ್ಲೇ ವಾಂತಿಯ ತಿಂಗಳುಗಳು ಕಳೆದವು. ಅಷ್ಟರಲ್ಲಿ ಕೆನ್ನೆಯ ಮೇಲೆ ಭಂಗು ಕಾಣಿಸಿಕೊಂಡಿತು.

ಮೊದಲು ಮೂಗಿನ ಎರಡೂ ಪಕ್ಕ ಕಾಫಿ ಡಿಕಾಕ್ಷನ್ ಚೆಲ್ಲಿ ಒರೆಸಿದ ಹಾಗೆ ತೆಳುವಾಗಿ, ಆಮೇಲೆ ಕೆನ್ನೆಯ ಮೇಲಕ್ಕೂ ತುಟಿಯ ಮೇಲಕ್ಕೂ ಹಬ್ಬಿತು. ಕತ್ತಿನ ಹಿಂಭಾಗವೂ ಕಪ್ಪಾಯಿತು. ಬೇರೆಯವರಿಗೆ ಅದು ಅಂಥ ದೊಡ್ಡ ವಿಷಯವಲ್ಲ, ವಠಾರದಲ್ಲಿ ಹೆತ್ತ ಹೆಂಗಸರಿಗೆಲ್ಲ ಅಷ್ಟೋ ಇಷ್ಟೋ ಬಂದು ಹೋದದ್ದೇ. ಅತ್ತಿಗೆಗೆ ಮಾತ್ರ ಆ ಗಾಜಿನ ಪೆಟ್ಟಿಗೆಯ ಹೆಂಗಸಿನ ಮುಖ ಕಣ್ಣಮುಂದಿತ್ತು. ಬಚ್ಚಲಮನೆಯ ಗೋಡೆಯಲ್ಲಿದ್ದ ಅಂಗೈಯಗಲದ ಕನ್ನಡಿಯನ್ನು ಅವರು ತಿರುಗಿಸಿ ನೇತುಹಾಕಿದ್ದನ್ನು ಮೊದಲು ಕಂಡವನು ನಾನು. ಅಂದು ಗಡ್ಡ ಕೆರೆಯಲು ಹೋಗಿ ಕನ್ನಡಿಯ ಬೆನ್ನು ನೋಡಿಕೊಂಡು ಕೆರೆದುಕೊಂಡೆ. ಗಲ್ಲದ ಮೇಲೆ ಎರಡು ಕಡೆ ರಕ್ತ ಬಂತು. ಕನ್ನಡಿಯನ್ನು ಸರಿಮಾಡಲು ಮಾತ್ರ ಮನಸ್ಸು ಬರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಔಷಧಿ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಓನರಮ್ಮ.

"ಕಸ್ತೂರಿ ಅರಿಶಿನಾನ ಹಾಲಿನ ಕೆನೇಲಿ ಕಲಸಿ ಹಚ್ಚೇ" ಎಂದು ಅಮ್ಮ.

"ಕೆನೆ ಎಲ್ಲಿ ಹತ್ತುತ್ತೆ? ಕಡಲೆಹಿಟ್ಟಿಗೆ ಮೊಸರು ಹಾಕಿ ಗಸಗಸ ಉಜ್ಜಬೇಕು. ನಮ್ಮ ದೊಡ್ಡವಳಿಗೆ ಅದರಲ್ಲೇ ಹೋಗಿದ್ದು" ಎಂದು ಓನರಮ್ಮ.

"ನಿಮ್ಮ ದೊಡ್ಡವಳಿಗೆ ಇನ್ನೂ ಇದೆಯಲ್ರೀ ಭಂಗು?"

"ಅದು ಎರಡನೇ ಮಗೂದು!"

ಇಬ್ಬರೂ ಒಪ್ಪಿದ್ದು ಒಂದೇ ವಿಷಯ, ಮುಖ ಕಪ್ಪಾದರೆ ಗಂಡು ಮಗು. ಹಾಗೆಂದು ಓನರಮ್ಮ ನಲ್ಲಿಯ ಹತ್ತಿರ ಘೋಷಿಸಿಯೂ ಬಿಟ್ಟರು. ಅಣ್ಣ ಈ ಚರ್ಚೆಯಲ್ಲಿ ಬಾಯಿ ಹಾಕಲಿಲ್ಲ. ಒಂದು ಸಂಜೆ ಫ್ಯಾಕ್ಟರಿಯಿಂದ ಬರುವಾಗ ಸ್ನೋ ಡಬ್ಬಿ ತಂದು, ಯಾರಿಗೂ ಏನೂ ಹೇಳದೆ ಅಕ್ಕಿ ಡಬ್ಬದ ಮೇಲಿಟ್ಟು, ಕೈಕಾಲು ತೊಳೆಯಲು ಹೋದ. ಅತ್ತಿಗೆ ಅದನ್ನು ಹಚ್ಚಿಕೊಂಡು ಈಚೆಗೆ ಬಂದಾಗ ಕಪ್ಪಿನ ಮೇಲೆ ಬಿಳುಪು ಕೂತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಮ್ಮ, "ಪರವಾಗಿಲ್ಲ ಕಣೇ, ಚೆನ್ನಾಗಿದೆ" ಅಂದರು. ಅಮ್ಮ ಸುಳ್ಳು ಹೇಳುವಾಗ ಧ್ವನಿ ತೆಳ್ಳಗಾಗುತ್ತದೆ. ಅದನ್ನು ನಾನು ಎಷ್ಟೋ ಸಲ ಅಣಕಿಸಿ ತೋರಿಸಿದ್ದರಿಂದ ಅತ್ತಿಗೆಗೂ ಗೊತ್ತಿತ್ತು. ಹೋಗಿ ಮುಖ ತೊಳೆದುಕೊಂಡರು.

ಸೀಮಂತಕ್ಕೆ ಮುಂಚಿನ ಕೆಲಸಗಳಲ್ಲಿ ಸಂಡಿಗೆ ಹಪ್ಪಳವೂ ಒಂದು. ಅಂದು ಬೆಳಿಗ್ಗೆ ಓನರಮ್ಮ ನಿಂಬೆಹಣ್ಣಿನ ಹೋಳುಗಳನ್ನು ತಂದು, "ತಾಮ್ರದ ಪಾತ್ರೆ ನಿಂಬೆಹಣ್ಣಲ್ಲಿ ಉಜ್ಜಿದ್ರೆ ಹೆಂಗೆ ಬೆಳಗುತ್ತೆ ನೋಡಿದೀಯಾ? ಮುಖಾನೂ ಅಷ್ಟೇ" ಎಂದು ಅತ್ತಿಗೆಯ ಕೆನ್ನೆಗೆ ಉಜ್ಜಿದರು. ಅತ್ತಿಗೆ ಸಹಿಸಿಕೊಂಡರು. "ಉರಿದಷ್ಟೂ ಒಳ್ಳೇದು, ತೊಳೀಬೇಡ" ಎಂಬ ಆಜ್ಞೆಯೂ ಆಯಿತು. ಆ ಮುಖ ಹೊತ್ತುಕೊಂಡೇ ಅತ್ತಿಗೆ ಮಹಡಿಯ ಮೇಲೆ ಹೋಗಿ, ಹಳೇ ಪಂಚೆಯ ಮೇಲೆ ಸಂಡಿಗೆ ಇಡುತ್ತ, ಕಾಗೆ ಓಡಿಸುತ್ತ, ಬೆಳಗಿನಿಂದ ಊಟದ ಹೊತ್ತಿನವರೆಗೂ ಬಿಸಿಲಲ್ಲಿ ಕೂತರು. ಕೆಳಗಿಳಿದಾಗ ಕೆನ್ನೆ ಕೆಂಪಾಗಿ ಚುರುಗುಟ್ಟುತ್ತಿತ್ತು. ಕೆಂಪು ಇಳಿದ ಮೇಲೆ ನೋಡಿದರೆ ಭಂಗು ಮೊದಲಿಗಿಂತ ಗಾಢ. ಸಂಡಿಗೆ ಬಿಳಿಯಾಯಿತು, ಅತ್ತಿಗೆ ಕಪ್ಪಾದರು.

"ನೀವು ನಿಂಬೆಹಣ್ಣು ಉಜ್ಜಿದ್ದಕ್ಕೆ" ಎಂದು ಅಮ್ಮ.

"ನೀವು ಬಿಸಿಲಲ್ಲಿ ಕೂರಿಸಿದ್ದಕ್ಕೆ" ಎಂದು ಓನರಮ್ಮ.

ಇಬ್ಬರ ಮಾತೂ ನಿಜವೆಂದು ತಿಳಿದದ್ದು ಆಸ್ಪತ್ರೆಗೆ ಹೋದಾಗ. ತಿಂಗಳ ತಪಾಸಣೆಗೆ ಅಮ್ಮ ಮತ್ತು ಅತ್ತಿಗೆಯ ಜೊತೆ ನಾನೂ ಹೋಗಿದ್ದೆ. ಹೆರಿಗೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ತುಂಬು ಬಸುರಿಯರ ಸಾಲಿನ ಕೊನೆಯಲ್ಲಿ, ನನ್ನ ಸರದಿಯೂ ಬರುತ್ತದೇನೋ ಎಂಬ ಹಾಗೆ ಮೊಣಕಾಲು ಜೋಡಿಸಿ ಕೂತಿದ್ದೆ. ಒಳಗೆ ಲೇಡಿ ಡಾಕ್ಟರ ಧ್ವನಿ. ಅಂಥ ಧ್ವನಿ ಸಿಕ್ಕರೆ ನನ್ನಂಥವನಿಗೆ ಹಬ್ಬ. ದಪ್ಪ, ನಿಧಾನ, ಪ್ರತಿ ವಾಕ್ಯದ ಕೊನೆಗೂ ಮೇಜಿನ ಮೇಲೆ ಪೆನ್ನು ಕುಟ್ಟುವ ಸದ್ದು.

"ಏನಮ್ಮಾ, ಮುಖಕ್ಕೆ ಏನು ಹಚ್ಚಿದ್ರಿ?" ಟಕ್.

ಅಮ್ಮ ಪಟ್ಟಿ ಒಪ್ಪಿಸಿದರು. ನಿಂಬೆಹಣ್ಣಿನ ಹತ್ತಿರ ಬಂದಾಗ ಧ್ವನಿ ತೆಳ್ಳಗಾಯಿತು.

"ಮುಖ ಏನು ತಾಮ್ರದ ಚೊಂಬಾ, ಹುಳಿ ಹಾಕಿ ಉಜ್ಜೋದಕ್ಕೆ?" ಟಕ್. "ಬಸುರೀರಿಗೆ ಇದು ಬರೋದೇ ಕಣಮ್ಮ. ಮೈಯೊಳಗೆ ಇಷ್ಟೆಲ್ಲ ಬದಲಾಗ್ತಾ ಇರುತ್ತಲ್ಲ, ಚರ್ಮನೂ ಬದಲಾಗುತ್ತೆ. ಹೆರಿಗೆ ಆದ್ಮೇಲೆ ನಿಧಾನವಾಗಿ ತಿಳಿಯಾಗುತ್ತೆ. ಕೆಲವರಿಗೆ ಸ್ವಲ್ಪ ಉಳಿಯುತ್ತೆ, ಅದೂ ಹೇಳಿರ್ತೀನಿ. ಬಿಸಿಲು ಬಿದ್ರೆ ಜಾಸ್ತಿ ಆಗುತ್ತೆ, ಉಜ್ಜಿದ್ರೂ ಜಾಸ್ತಿ ಆಗುತ್ತೆ. ಬಿಸಿಲಿಗೆ ಹೋದ್ರೆ ಛತ್ರಿ ಹಿಡಿ. ತಣ್ಣೀರಲ್ಲಿ ಮುಖ ತೊಳಿ. ಅಷ್ಟೇ." ಟಕ್.

ಅತ್ತಿಗೆ ಮೆಲ್ಲಗೆ ಏನೋ ಹೇಳಿದರು. ಹೊಟ್ಟೆ ತುರಿಸುತ್ತದೆ, ಕೆರೆದುಕೊಂಡರೆ ಗೆರೆ ಬೀಳುತ್ತದೆಂದು ಅತ್ತೆ ಕೈ ಹಿಡಿದುಕೊಳ್ಳುತ್ತಾರೆ, ಎಂದಿರಬೇಕು.

"ಗೆರೆ ಬೀಳೋದು ಚರ್ಮ ಹಿಗ್ಗೋದ್ರಿಂದ. ಬೀಳೋರಿಗೆ ಬೀಳುತ್ತೆ, ಇಲ್ಲದೋರಿಗೆ ಇಲ್ಲ. ಆಮೇಲೆ ಬಣ್ಣ ಮಾಸುತ್ತೆ. ಸ್ನಾನಕ್ಕೆ ಸುಡುಸುಡು ನೀರು ಬೇಡ, ಉಗುರುಬೆಚ್ಚಗಿರಲಿ. ಸ್ನಾನ ಆದ್ಮೇಲೆ ಕೊಬ್ಬರಿ ಎಣ್ಣೆ ಹಚ್ಕೊ, ತುರಿಕೆ ಕಮ್ಮಿ ಆಗುತ್ತೆ. ಹತ್ತಿ ಸೀರೆ ಉಡು. ಅಂಗೈ ಅಂಗಾಲು ತುರಿಸುತ್ತಾ?"

"ಇಲ್ಲ."

"ತುರಿಸಿದ್ರೆ ಎಣ್ಣೆ ಹಚ್ಕೊಂಡು ಕೂರಬಾರದು, ಆವತ್ತೇ ಇಲ್ಲಿಗೆ ಬರಬೇಕು. ತಿಳೀತಾ?" ಟಕ್ ಟಕ್.

ಆ ಟಕ್ ಟಕ್ ನಮ್ಮ ಮನೆಗೂ ಬಂತು. ಅಮ್ಮ ಬಟ್ಟಲಲ್ಲಿ ಏನಾದರೂ ಕಲಸಿಕೊಂಡು ಅತ್ತಿಗೆಯ ಕಡೆ ಹೊರಟರೆ, ನಾನು ಬಾಗಿಲ ಹಿಂದಿನಿಂದ ಚೌಕಟ್ಟಿಗೆ ಪೆನ್ನು ಕುಟ್ಟಿ, "ಏನಮ್ಮಾ, ಮುಖ ಏನು ತಾಮ್ರದ ಚೊಂಬಾ?" ಎನ್ನುತ್ತಿದ್ದೆ. ಅಮ್ಮ ಬೆಚ್ಚಿ ಸೆರಗು ಹೊದ್ದುಕೊಂಡು, "ಇಲ್ಲ ಡಾಕ್ಟ್ರೇ" ಎಂದುಬಿಡುತ್ತಿದ್ದರು. ಆಮೇಲೆ ಬೈಗುಳ ಬೇರೆ ವಿಷಯ. ಬಟ್ಟಲಂತೂ ಅಡಿಗೆಮನೆಗೆ ವಾಪಸ್ಸು ಹೋಗುತ್ತಿತ್ತು. ಓನರಮ್ಮನ ಮೇಲೂ ಇದು ಕೆಲಸ ಮಾಡಿತು. ನಲ್ಲಿಯ ಸಾಲು ಬಿಟ್ಟರೆ, ವಠಾರದಲ್ಲಿ ನನ್ನ ಅಣಕದಿಂದ ಒಂದು ಉಪಯೋಗವಾದದ್ದು ಅದೇ ಮೊದಲು.

ಛತ್ರಿಯ ಪ್ರಶ್ನೆ ಉಳಿಯಿತು. ಮನೆಯಲ್ಲಿದ್ದದ್ದು ತೀರಿಕೊಂಡ ಅಪ್ಪನದೊಂದೇ. ಮರದ ಹಿಡಿಯ, ಇಡೀ ಸಂಸಾರ ನಿಲ್ಲಬಹುದಾದ ಕಪ್ಪು ಛತ್ರಿ. ಮೋಡವಿಲ್ಲದ ಆಕಾಶದ ಕೆಳಗೆ ಅದನ್ನು ಬಿಚ್ಚಿಕೊಂಡು ಹೋಗಲು ಅತ್ತಿಗೆಗೆ ನಾಚಿಕೆ. "ಜನ ಏನಂದ್ಕೋತಾರೆ?" ಕೊನೆಗೆ ನಾನು ಹಿಡಿದುಕೊಂಡು ಬರುವುದೆಂದು ತೀರ್ಮಾನವಾಯಿತು. ಅತ್ತಿಗೆ ಮುಂದೆ, ನಾನು ಅರ್ಧ ಹೆಜ್ಜೆ ಹಿಂದೆ ಕೈ ಎತ್ತಿಕೊಂಡು. ಉತ್ಸವಮೂರ್ತಿಗೆ ಸತ್ತಿಗೆ ಹಿಡಿದವನ ಹಾಗೆ ತರಕಾರಿ ಅಂಗಡಿಗೆ ಹೋಗಿ, ಬದನೆಕಾಯಿ ತಂದೆವು. ಛತ್ರಿಯ ನೆರಳೆಲ್ಲ ಅವರ ಮೇಲೆ, ಬಿಸಿಲೆಲ್ಲ ನನ್ನ ನೆತ್ತಿಯ ಮೇಲೆ.

ಬೀದಿಯ ಕೊನೆಯ ಕಟ್ಟೆಯ ಮೇಲಿದ್ದ ನನ್ನ ಸ್ನೇಹಿತರು ಸುಮ್ಮನಿರುತ್ತಾರೆಯೇ? "ಏನ್ ಗುರು, ಮಳೆ ಎಲ್ಲಿ?"

"ವಿಜಯನಗರದಲ್ಲಿ ಹುಯ್ತಾ ಇದೆ ಮಗಾ, ಇಲ್ಲಿಗೆ ಬರೋಷ್ಟರಲ್ಲಿ ರೆಡಿ ಇರೋಣ ಅಂತ" ಎಂದೆ.

ಅತ್ತಿಗೆ ನಗಲಿಲ್ಲ. ಸೆರಗನ್ನು ಕೆನ್ನೆಯ ಮೇಲಕ್ಕೆ ಎಳೆದುಕೊಂಡರು. ಸ್ಟುಡಿಯೋದ ಗಾಜಿನ ಮುಂದೆ ಬಂದಾಗ ಅವರ ಕಾಲು ನಿಧಾನವಾಗಲಿಲ್ಲ, ಬಿರುಸಾಯಿತು. ಛತ್ರಿ ಹಿಡಿದು ನಾನು ಹಿಂದೆ ಓಡಬೇಕಾಯಿತು.

ಸೀಮಂತದ ದಿನ ಬಂತು. ಅತ್ತಿಗೆಯ ತಾಯಿ ಕೆಂಗೇರಿಯಿಂದ ಬೆಳಗಿನ ಮೊದಲ ಬಸ್ಸಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಬುಟ್ಟಿಯ ತುಂಬ ತೋಟದ ಮೊಗ್ಗು ತಂದಿಳಿದರು. ಕಂಡಕ್ಟರನಿಗೂ ಒಂದು ಹಿಡಿ ಕೊಟ್ಟು ಬಂದಿದ್ದರಂತೆ. ಆಕೆಯೂ ಓನರಮ್ಮನೂ ಕೂತು, ಮೊಗ್ಗುಗಳನ್ನು ಪೋಣಿಸಿ ಬಾಳೆಪಟ್ಟೆಗೆ ಸಾಲುಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ ಇಟ್ಟು ಜಡೆ ಕಟ್ಟಿದರು. ಶಾಸ್ತ್ರ ನಡೆಯಿತು, ಹಸಿರು ಬಳೆ ತೊಡಿಸಿದ್ದಾಯಿತು, ಊಟವಾಯಿತು. ಇನ್ನು ಮೊಗ್ಗು ಅರಳುವ ಮೊದಲು ಸ್ಟುಡಿಯೋಗೆ ಹೋಗಬೇಕು. ಅಷ್ಟು ಹೊತ್ತೂ ತಲೆ ಬಗ್ಗಿಸಿ ಕೂತಿದ್ದ ಅತ್ತಿಗೆ ಆಗ ತಲೆಯೆತ್ತಿ, "ಫೋಟೋ ಬೇಡ" ಅಂದರು.

"ಬೇಡ ಅಂದ್ರೆ?" ಎಂದು ಅವರ ತಾಯಿ.

"ಬೇಡ ಅಂದ್ರೆ ಬೇಡ. ಬೇಕಾದ್ರೆ ಬೆನ್ನು ತೋರಿಸ್ಕೊಂಡು ನಿಂತ್ಕೋತೀನಿ, ಜಡೆ ಮಾತ್ರ ತೆಗೀಲಿ."

"ಬೆನ್ನಿಗೆ ಯಾರಾದ್ರೂ ಸೀಮಂತ ಮಾಡ್ತಾರೇನೇ?" ಎಂದು ಓನರಮ್ಮ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಅತ್ತಿಗೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. "ಹೋಗೋ, ನಿನ್ನ ಮಾತಾದ್ರೂ ಕೇಳ್ತಾಳೇನೋ ನೋಡು" ಎಂದು ಅಮ್ಮ ನನ್ನನ್ನು ಅಟ್ಟಿದರು.

ಅತ್ತಿಗೆ ಬಚ್ಚಲಮನೆಯ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ಭಾರವಾದ ಜಡೆಯನ್ನು ಕತ್ತಿನ ಪಕ್ಕದಿಂದ ಮುಂದಕ್ಕೆ ತಂದು, ಮಗುವನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೇರೆಯವರ ಧ್ವನಿಯಲ್ಲಿ ಮಾತಾಡುವವನಿಗೆ ಇದೇ ಕಷ್ಟ, ತನ್ನದು ಬೇಕಾದಾಗ ಸಿಗುವುದಿಲ್ಲ.

ಅವರೇ ಶುರುಮಾಡಿದರು. "ಅಲ್ಲಾ, ಒಂದ್ ಮಾತ್ ಹೇಳ್ಲಾ? ನೀನು ಓನರಮ್ಮನ್ನ ಆಡ್ಕೋತೀಯ, ಡಾಕ್ಟರಮ್ಮನ್ನ ಆಡ್ಕೋತೀಯ. ಹೆತ್ತ ತಾಯೀನೂ ಬಿಡಲ್ಲ. ನನ್ನ ಮಾತ್ರ ಯಾಕೋ ಆಡ್ಕೊಳಲ್ಲ?"

"ನೀವು ಬಸುರಿ ಅಂತ..."

"ಸುಳ್ಳು ಹೇಳ್ಬೇಡ. ವಾಂತಿ ಮಾಡ್ತಿದ್ದಾಗ ಬಚ್ಚಲ ಬಾಗಿಲಲ್ಲಿ ನಿಂತು ಅದನ್ನೂ ಮಾಡಿ ತೋರಿಸ್ತಿದ್ದೆ. ಈ ಭಂಗು ಬಂದ್ಮೇಲೆ ಬಾಯಿ ಕಟ್ಕೊಂಡೆ. ಎಲ್ರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ನೀನು ಸುಮ್ನಿದ್ದಿದ್ದಕ್ಕೇ ಗೊತ್ತಾಯ್ತು ಕಣೋ ನಂಗೆ, ಎಷ್ಟು ಕೆಟ್ಟದಾಗಿದೀನಿ ಅಂತ."

ನಾನು ಸುಮ್ಮನಿದ್ದದ್ದು ಅವರಿಗೆ ನೋವಾಗದಿರಲಿ ಎಂದು. ಆದರೆ ಅದನ್ನು ಹೇಳಿದರೆ ಅಮ್ಮನ ತೆಳ್ಳಗಿನ ಧ್ವನಿಯಲ್ಲೇ ಬರುತ್ತಿತ್ತು. ಹಾಗಾಗಿ ಬೇರೆ ಕೆಲಸ ಮಾಡಿದೆ. ಸ್ನಾನದ ಹಂಡೆಯ ತಳದಿಂದ ಎರಡು ಹೆಬ್ಬೆರಳಿಗೂ ಮಸಿ ತೆಗೆದು ಕೆನ್ನೆಗಳಿಗೆ ಬಳಿದುಕೊಂಡೆ, ತುಟಿಯ ಮೇಲೂ ಒಂದು ಗೆರೆ ಎಳೆದುಕೊಂಡೆ. ತಂತಿಯ ಮೇಲಿದ್ದ ಟವೆಲನ್ನು ಅಂಗಿಯೊಳಗೆ ತುರುಕಿ ಹೊಟ್ಟೆ ಮಾಡಿಕೊಂಡೆ. ಇನ್ನೊಂದು ಟವೆಲನ್ನು ಹೆಗಲ ಮೇಲೆ ಹಾಕಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಒಂದು ಕೈ ಸೊಂಟದ ಹಿಂದೆ.

"ಅಲ್ಲಾ, ಒಂದ್ ಮಾತ್ ಹೇಳ್ಲಾ?" ಎಂದೆ. "ನಮ್ಮ ಮೈದುನ ಇದಾನಲ್ಲ, ಛತ್ರಿ ಹಿಡ್ಕೊಂಡ್ ಬರ್ತಾನೆ, ನೆರಳೆಲ್ಲ ನಂಗೆ ಅಂತಾನೆ. ಅವನ ಮುಖ ನೋಡಿದೀರಾ? ಭಂಗೂ ಬೇಡ, ಬಸುರೂ ಬೇಡ, ಹುಟ್ಟಿದಾಗಿಂದ ಹಂಗೇ ಇದೆ! ಅವನೇ ಮೂರು ಹೊತ್ತೂ ಕನ್ನಡಿ ಮುಂದೆ ನಿಂತ್ಕೋತಾನೆ. ನಂಗೇನ್ರೀ ದಾಡಿ? ಅಮ್ಮಾ, ನಮ್ಮ ಕೆಂಗೇರೀಲಿ ಹಿಂಗಲ್ಲಪ್ಪ..."

ಅತ್ತಿಗೆ ಮೊದಲು ನನ್ನನ್ನು ದಿಟ್ಟಿಸಿ ನೋಡಿದರು. ಒಂದು ಕ್ಷಣ ನನಗೆ ಭಯವಾಯಿತು. ಆಮೇಲೆ ತುಟಿ ಅಲುಗಿತು, ಬಳೆ ಅಲುಗಿದವು, ಇಡೀ ಅತ್ತಿಗೆಯೇ ಅಲುಗಾಡತೊಡಗಿದರು. "ನಿಲ್ಸೋ, ನಿಲ್ಸೋ, ಹೊಟ್ಟೆ ಹಿಡ್ಕೊಳ್ಳುತ್ತೆ!" ಅಡಿಗೆಮನೆಯ ಕಿಟಕಿಯಿಂದ ಓನರಮ್ಮ, "ಅಲ್ಲಾಡಬೇಡ ಕಣೇ, ಮೊಗ್ಗು ಉದುರುತ್ತೆ!" ಎಂದು ಕೂಗಿಕೊಂಡರು.

ಕಣ್ಣೊರೆಸಿಕೊಂಡು ಅತ್ತಿಗೆ ನನ್ನ ಕೆನ್ನೆಯನ್ನು ಹತ್ತಿರದಿಂದ ನೋಡಿದರು. "ಎಡಗಡೆ ಇಷ್ಟಿಲ್ಲ ನಂಗೆ. ಜಾಸ್ತಿ ಬಳ್ಕೊಂಡಿದೀಯ" ಎಂದರು. ಆಮೇಲೆ, "ಛತ್ರಿ ತಗೊಂಡ್ ಬಾ" ಅಂದರು.

ಸ್ಟುಡಿಯೋದವನು ಎಲ್ಲರಿಗೂ ಎಲ್ಲದಕ್ಕೂ ಪ್ಲೀಸ್ ಎನ್ನುವ ಮನುಷ್ಯ. "ಕೂತ್ಕೊಳಿ ಪ್ಲೀಸ್. ಗದ್ದ ಎತ್ತಿ ಪ್ಲೀಸ್. ಸಾರ್, ಆ ಛತ್ರಿ ಆಚೆ ಇಡಿ ಪ್ಲೀಸ್." ಕನ್ನಡಿಯನ್ನು ಪಕ್ಕಕ್ಕೆ ಓರೆಯಾಗಿ ನಿಲ್ಲಿಸಿದ. ಜಡೆ ಪೂರ್ತಿ ಬರಬೇಕು, ಅದರ ಜೊತೆ ಆಚೆ ಬದಿಯ ಕೆನ್ನೆಯೂ ಸ್ವಲ್ಪ ಕಾಣಬೇಕು, ಅದೇ ಚೆಂದ ಎಂದ. ಅತ್ತಿಗೆಯ ಮುಖ ನೋಡಿ, ಜೊತೆಗೆ ಬಂದಿದ್ದ ಅಮ್ಮನ ಕಡೆ ತಿರುಗಿ ಮೆಲ್ಲಗೆ, "ಯೋಚನೆ ಮಾಡ್ಬೇಡಿ, ಟಚಪ್ ಮಾಡ್ಕೊಡ್ತೀನಿ, ಒಂದು ಚುಕ್ಕೇನೂ ಕಾಣಲ್ಲ" ಅಂದ. ಆಮೇಲೆ ನನ್ನ ಕಡೆ ನೋಡಿ, "ಇವರಿಗೂ ಮಾಡ್ಬೇಕಾ?" ಎಂದ. ಅವಸರದಲ್ಲಿ ನಾನು ಮಸಿ ತೊಳೆದುಕೊಂಡೇ ಇರಲಿಲ್ಲ. ಅದನ್ನು ನೋಡಿ ಅತ್ತಿಗೆಗೆ ಮತ್ತೆ ನಗು ಉಕ್ಕಿತು. "ಅಷ್ಟೊಂದು ಸ್ಮೈಲ್ ಬೇಡ ಪ್ಲೀಸ್" ಎನ್ನುವಷ್ಟರಲ್ಲಿ ಅವನೇ ಕ್ಲಿಕ್ಕಿಸಿಬಿಟ್ಟಿದ್ದ.

ಮಾರನೆಯ ದಿನ ಅತ್ತಿಗೆ ತಾಯಿಯ ಜೊತೆ ಹೆರಿಗೆಗೆ ಕೆಂಗೇರಿಗೆ ಹೋದರು. ಛತ್ರಿಯನ್ನೂ ತೆಗೆದುಕೊಂಡು ಹೋದರು. ಫೋಟೋ ಬಂದ ದಿನ ಅದನ್ನು ಮೊದಲು ಕೈಯಲ್ಲಿ ಹಿಡಿದವನು ಅಣ್ಣ. ನೋಡಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಿರುಗಿಸಿ, "ಇದ್ಯಾರು?" ಎಂದ.

ಸ್ಟುಡಿಯೋದವನು ಮಾತು ಉಳಿಸಿಕೊಂಡಿದ್ದ. ನೆಗೆಟಿವ್ವಿನ ಮೇಲೆ ಪೆನ್ಸಿಲಿನಿಂದ ತಿದ್ದಿ ತಿದ್ದಿ, ಭಂಗಿನ ಜೊತೆಗೆ ನಕ್ಕಾಗ ಬೀಳುವ ಗೆರೆಗಳನ್ನೂ, ಗದ್ದದ ಮೇಲಿನ ಚಿಕ್ಕ ಮಚ್ಚೆಯನ್ನೂ ಅಳಿಸಿ, ಅತ್ತಿಗೆಯ ಮುಖವನ್ನು ಬೇಯಿಸಿ ಸುಲಿದ ಮೊಟ್ಟೆ ಮಾಡಿಟ್ಟಿದ್ದ. ಆದರೆ ಕನ್ನಡಿಯನ್ನು ಮರೆತುಬಿಟ್ಟಿದ್ದ! ಕನ್ನಡಿಯೊಳಗೆ, ಮೊಗ್ಗಿನ ಜಡೆಯ ಪಕ್ಕದಲ್ಲಿ, ನಮ್ಮ ಅತ್ತಿಗೆಯ ಕೆನ್ನೆ ಇದ್ದ ಹಾಗೆಯೇ ಇತ್ತು. ಭಂಗು, ಉಬ್ಬಿದ ನಗು, ಎಲ್ಲ. ಹೊರಗೊಬ್ಬ ಹೆಂಗಸು, ಒಳಗೊಬ್ಬ ಹೆಂಗಸು. ಒಳಗಿನವಳು ಹೊರಗಿನವಳನ್ನು ನೋಡಿ ನಗುತ್ತಿರುವ ಹಾಗಿತ್ತು.

ಅಣ್ಣನೂ ನಾನೂ ಅದನ್ನು ಹಿಡಿದುಕೊಂಡು ಭಾನುವಾರ ಕೆಂಗೇರಿಗೆ ಹೋದೆವು. ಅತ್ತಿಗೆ ಬೇಸರ ಮಾಡಿಕೊಳ್ಳುತ್ತಾರೆಂದು ದಾರಿಯುದ್ದಕ್ಕೂ ಅಣ್ಣನಿಗೆ ಚಿಂತೆ. ತೋಟದ ಅಂಚಿನ ಹೊಂಗೆಯ ನೆರಳಲ್ಲಿ ಕೂತಿದ್ದ ಅತ್ತಿಗೆ ಫೋಟೋವನ್ನು ತುಂಬ ಹೊತ್ತು ನೋಡಿದರು. ನನ್ನ ನಾಲಿಗೆಯ ತುದಿಯಲ್ಲಿ ಮೂರು ನಾಲ್ಕು ಜನರ ಧ್ವನಿಗಳು ಸಿದ್ಧವಾಗಿದ್ದವು. ಯಾವುದೂ ಬೇಕಾಗಲಿಲ್ಲ.

"ಮುಂದೆ ಕೂತಿರೋಳು ಯಾರೋ ಗೊತ್ತಿಲ್ಲ" ಎಂದರು. "ಕನ್ನಡೀಲಿರೋಳು ನಾನು."

"ಹಂಗಂತ ಬೈದು ಬರ್ತೀನಿ ಅವನಿಗೆ" ಎಂದ ಅಣ್ಣ.

"ಬೈಬೇಡಿ. ಆ ಪೆನ್ಸಿಲ್ ಎಲ್ಲ ಅಳಿಸಿ ಇನ್ನೊಂದು ಪ್ರಿಂಟ್ ಹಾಕ್ಕೊಡು ಅನ್ನಿ. ನಾಳೆ ಈ ಮಗು ಫೋಟೋ ನೋಡಿ, ನಾನಿದ್ದಿದ್ದು ಯಾರ ಹೊಟ್ಟೇಲಿ ಅಂತ ಕೇಳಿದ್ರೆ ಏನ್ ಹೇಳ್ಲಿ?"

ಸ್ಟುಡಿಯೋದವನಿಗೆ ಅವಮಾನವಾಯಿತು. "ಕಣ್ಣು ಕಿತ್ತುಹೋಗೋ ಹಂಗೆ ತಿದ್ದಿದೀನಿ ಸಾರ್, ಅಳಿಸು ಅಂತೀರಲ್ಲ ಪ್ಲೀಸ್" ಎಂದ. ಮೊದಲನೆಯ ಪ್ರಿಂಟನ್ನು ತನಗೇ ಕೊಟ್ಟುಬಿಡುವುದಾದರೆ ಅಳಿಸುತ್ತೇನೆಂದ. ಕೊಟ್ಟೆವು. ಎರಡನೆಯದರಲ್ಲಿ ಎರಡು ಕಡೆಯೂ ಅತ್ತಿಗೆಯೇ ಇದ್ದರು. ಅಣ್ಣ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಮೊಳೆ ಹೊಡೆದ. ಅದೇ ದಿನ ಬಚ್ಚಲಮನೆಯ ಕನ್ನಡಿಯನ್ನೂ ನಾನು ಮತ್ತೆ ಮುಖ ಕಾಣುವ ಹಾಗೆ ತಿರುಗಿಸಿ ಹಾಕಿದೆ.

ಹುಟ್ಟಿದ್ದು ಹೆಣ್ಣು ಮಗು. ಓನರಮ್ಮ ಸೋಲೊಪ್ಪಲಿಲ್ಲ, ಭಂಗು ಎಡಗಡೆ ಕಮ್ಮಿ ಇತ್ತು, ತಾವು ಬಲಗಡೆ ನೋಡಿ ಹೇಳಿದ್ದು ಅಂದರು. ಬಾಣಂತನ ಮುಗಿಸಿ ಅತ್ತಿಗೆ ಮನೆಗೆ ಬಂದಾಗ ಕೆನ್ನೆಯ ಭಂಗು ಅರ್ಧಕ್ಕರ್ಧ ತಿಳಿಯಾಗಿತ್ತು, ಕತ್ತಿನ ಕಪ್ಪು ಹೆಚ್ಚುಕಡಿಮೆ ಹೋಗಿತ್ತು. ತುಟಿಯ ಮೇಲಿನದು ಮೊಂಡು ಹಿಡಿದು ಕೂತಿತ್ತು. ಹೊಟ್ಟೆಯ ಗೆರೆಗಳ ವಿಷಯ ಮೈದುನನಿಗೆ ಸಂಬಂಧಪಟ್ಟದ್ದಲ್ಲ. ಆದರೆ ತುರಿಕೆ ನಿಂತ ಮೇಲೂ ಕೊಬ್ಬರಿ ಎಣ್ಣೆಯ ಬಟ್ಟಲು ಅವರ ಕೋಣೆಯಿಂದ ಈಚೆಗೆ ಬರಲಿಲ್ಲ. ಒಗ್ಗರಣೆಗೆ ಬೇಕಾದಾಗ ಅಮ್ಮ ಅಲ್ಲಿಗೇ ಹೋಗುತ್ತಿದ್ದರು.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೊರಟಿದ್ದ ಒಂದು ಬೆಳಿಗ್ಗೆ. ನನ್ನ ಹೆಗಲ ಮೇಲೆ ಮಗು, ಅತ್ತಿಗೆಯ ಕೈಯಲ್ಲಿ ಅಪ್ಪನ ಛತ್ರಿ. ಈಗ ಅದನ್ನು ತಾವೇ ಬಿಚ್ಚಿ ಹಿಡಿಯುತ್ತಿದ್ದರು. ಕಟ್ಟೆಯ ಹುಡುಗರು "ಮಳೆ ಎಲ್ಲಿ ಅತ್ತಿಗೆ?" ಎಂದರೆ, "ಬರುತ್ತೆ, ನಿಮ್ಮ ರಿಸಲ್ಟಿನ ದಿನ" ಎನ್ನುತ್ತಿದ್ದರು.

ಸ್ಟುಡಿಯೋದ ಮುಂದೆ ನಾನು ನಿಂತುಬಿಟ್ಟೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ ನಮ್ಮ ಅತ್ತಿಗೆ, ಮೊಟ್ಟೆ ಮುಖದವರು, ಕುಳಿತಿದ್ದರು. ಅದರ ಮುಂದೆ ಒಬ್ಬಳು ಬಸುರಿ ಹುಡುಗಿ ಕೈಚೀಲ ಹಿಡಿದು ನಿಂತು, ಬಸ್ಸು ಬಂದದ್ದನ್ನೂ ಗಮನಿಸದೆ ನೋಡುತ್ತಿದ್ದಳು. ಅವಳ ಮೂಗಿನ ಎರಡೂ ಪಕ್ಕ, ಡಿಕಾಕ್ಷನ್ ಒರೆಸಿದ ಹಾಗೆ, ತೆಳುವಾಗಿ ಭಂಗು.

"ಎಷ್ಟು ಚೆನ್ನಾಗಿದಾರಲ್ವಾ ಅಕ್ಕ" ಎಂದಳು ಅತ್ತಿಗೆಗೆ, ಗುರುತು ಹತ್ತದೆ. "ಒಂದು ಕಲೆ ಇಲ್ಲ ನೋಡಿ."

ಅತ್ತಿಗೆ ಛತ್ರಿಯನ್ನು ಸ್ವಲ್ಪ ಓರೆಮಾಡಿ ಅವಳಿಗೂ ನೆರಳಾಗುವಂತೆ ಹಿಡಿದರು. "ಮುಂದೆ ನೋಡ್ಬೇಡಮ್ಮ, ಅದು ಪೆನ್ಸಿಲ್ಲು. ಕನ್ನಡಿ ಒಳಗೆ ನೋಡು" ಎಂದರು.

ಹುಡುಗಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಆಮೇಲೆ ತಿರುಗಿ ಅತ್ತಿಗೆಯ ಮುಖ ನೋಡಿದಳು. ಮತ್ತೆ ಗಾಜು. ಬಾಯಿ ತೆರೆದುಕೊಂಡಿತು. ನಿಧಾನವಾಗಿ ಅವಳ ಕೈ ತನ್ನ ಕೆನ್ನೆಗೆ ಹೋಯಿತು. "ಮನೇಲಿ ನಿಂಬೆಹಣ್ಣು ಹಚ್ಚು ಅಂತಾರೆ ಅಕ್ಕ" ಎಂದಳು.

ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಛತ್ರಿಯ ಹಿಡಿಗೆ ಬಳೆಯಿಂದ ಟಕ್ ಎಂದು ಒಮ್ಮೆ ಕುಟ್ಟಿ, ದಪ್ಪ ಧ್ವನಿಯಲ್ಲಿ, ನಿಧಾನವಾಗಿ, "ಏನಮ್ಮಾ, ಮುಖ ಏನು ತಾಮ್ರದ ಚೊಂಬಾ?" ಎಂದರು.

ನನ್ನ ಅಣಕಕ್ಕಿಂತ ಚೆನ್ನಾಗಿತ್ತು. ಹೆಗಲ ಮೇಲಿನ ಮಗು ಬೆಚ್ಚಿ ನನ್ನ ಕಿವಿ ಹಿಡಿದುಕೊಂಡಿತು.